ಫೆರಾರಾ: ವಿದ್ಯಾರ್ಥಿಯ ಜೇಬಿಗೆ ಒಗ್ಗುವ ಊರು

ಬೊಲೊನ್ಯಾದಿಂದ ವೆನಿಸ್‌ಗೆ ಹೋಗುವ ರೈಲುಮಾರ್ಗದಲ್ಲಿ ಫೆರಾರಾ ನಡುವೆ ಸಿಗುವ ಊರು. ಇಟಲಿ ನೋಡಲು ಬಂದವರಲ್ಲಿ ಹೆಚ್ಚಿನವರು ಅದನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಉತ್ತರ ಇಟಲಿಯಲ್ಲಿ ವಿದ್ಯಾರ್ಥಿವೇತನದ ಹಣವನ್ನು ಲೆಕ್ಕ ಹಾಕಿ ಖರ್ಚು ಮಾಡುತ್ತ ಓದುತ್ತಿದ್ದ ಕಾಲದಲ್ಲಿ ನಾನು ಅಲ್ಲಿಗೆ ಎರಡು ಸಲ ಹೋದೆ. ಕೈಯಲ್ಲಿ ಹಣ ಕಡಿಮೆಯಿದ್ದು ಸಮಯ ಹೆಚ್ಚಿರುವವರು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಇಂದಿಗೂ ಈ ಊರಿನ ಹೆಸರನ್ನೇ ಮೊದಲು ಹೇಳುತ್ತೇನೆ. ಇಲ್ಲಿ ದುಡ್ಡು ಕೊಡದೆ ನೋಡುವುದಕ್ಕೆ ಎರಡು ದಿನಕ್ಕಾಗುವಷ್ಟಿದೆ. ದುಡ್ಡು ಕೊಟ್ಟು ನೋಡಲೇಬೇಕಾದದ್ದು, ನನ್ನ ಲೆಕ್ಕದಲ್ಲಿ, ಒಂದೇ ಒಂದು ಕೋಣೆ.

ಹೋಗುವುದಕ್ಕೆ ವೇಗದ ರೈಲು ಬೇಕಿಲ್ಲ. ಪ್ರಾದೇಶಿಕ ರೈಲಿನ ದರ ದೂರಕ್ಕೆ ತಕ್ಕಂತೆ ನಿಗದಿಯಾಗಿರುವುದರಿಂದ, ಹೊರಡುವ ಐದು ನಿಮಿಷ ಮೊದಲು ಟಿಕೆಟ್ ಕೊಂಡರೂ ಬೆಲೆ ಏರುವುದಿಲ್ಲ. ಕಾಗದದ ಟಿಕೆಟ್ ಕೊಂಡವರು ರೈಲು ಹತ್ತುವ ಮೊದಲು ನಿಲ್ದಾಣದಲ್ಲಿರುವ ಪುಟ್ಟ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು. ಮರೆತರೆ ತೆರಬೇಕಾದ ದಂಡ ಒಂದು ದಿನದ ಊಟದ ಹಣವನ್ನು ನುಂಗಿಬಿಡುತ್ತದೆ.

ಊರನ್ನು ಸುತ್ತುವರಿದಿರುವ ಕೋಟೆಗೋಡೆ ಸುಮಾರು 9 ಕಿಲೋಮೀಟರ್ ಉದ್ದವಿದೆ. ಅದರ ಮೇಲೆ ಮರಗಳ ಸಾಲಿನ ನಡುವೆ ಕಾಲುದಾರಿಯಿದ್ದು, ಶಾಲೆಗೆ ಹೋಗುವ ಮಕ್ಕಳೂ ತರಕಾರಿ ಚೀಲ ತೂಗುಹಾಕಿಕೊಂಡ ಅಜ್ಜಿಯರೂ ಸೈಕಲ್ಲಿನಲ್ಲಿ ಹಾದುಹೋಗುತ್ತಾರೆ. ಬಾಡಿಗೆ ಸೈಕಲ್ ಸಿಕ್ಕರೆ ಬಸ್ಸಿನ ಮಾತೇ ಬೇಡ, ಏಕೆಂದರೆ ಇದು ಚಪ್ಪಟೆ ನೆಲದ ಊರು. 1492ರಲ್ಲಿ ಒಂದನೆಯ ಎರ್ಕೊಲೆ ದೊರೆಯ ಕಾಲದಲ್ಲಿ ಬಿಯಾಜೊ ರೊಸ್ಸೆತ್ತಿ ಎಂಬ ವಾಸ್ತುಶಿಲ್ಪಿ ಹಳೆಯ ಊರಿನ ಉತ್ತರಕ್ಕೆ ನೇರವಾದ ಅಗಲ ಬೀದಿಗಳ ಹೊಸ ಬಡಾವಣೆಯನ್ನು ಯೋಜಿಸಿದನು. ಯುನೆಸ್ಕೊ 1995ರಲ್ಲಿ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಈ ನಗರಯೋಜನೆಯೂ ಮುಖ್ಯ ಕಾರಣ. ಅದೇ ಬಡಾವಣೆಯಲ್ಲಿ ವಜ್ರಗಳ ಅರಮನೆಯಿದೆ. ಅದರ ಹೊರಗೋಡೆಗೆ ವಜ್ರದಂತೆ ಮೊನೆ ಕಡೆದ ಸುಮಾರು 8,500 ಕಲ್ಲುಗಳನ್ನು ಕೂರಿಸಿದ್ದಾರೆ. ನಡುಹಗಲಿನಲ್ಲಿ ಸಪ್ಪೆಯಾಗಿ ಕಂಡಿದ್ದ ಗೋಡೆ ಸಂಜೆಯ ಓರೆಬಿಸಿಲಿಗೆ ಒಂದೊಂದು ಕಲ್ಲಿಗೂ ಒಂದು ಬದಿ ಬೆಳಕು, ಒಂದು ಬದಿ ನೆರಳು ಪಡೆದು ಎದ್ದು ನಿಲ್ಲುವುದನ್ನು ನಾನು ಎದುರಿನ ಬೀದಿಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಊರನ್ನಾಳುತ್ತಿದ್ದ ಎಸ್ತೆ ಮನೆತನ 1385ರಲ್ಲಿ ಕಟ್ಟಲಾರಂಭಿಸಿದ ಕೋಟೆ, ಇಂದಿಗೂ ನೀರು ತುಂಬಿರುವ ಕಂದಕದೊಂದಿಗೆ, ಊರಿನ ನಟ್ಟನಡುವೆಯೇ ಇದೆ. ಒಳಗಿನ ಕೋಣೆಗಳ ಟಿಕೆಟನ್ನು ನಾನು ಕೊಳ್ಳಲಿಲ್ಲ, ಅದಕ್ಕಾಗಿ ಪಶ್ಚಾತ್ತಾಪವೂ ಇಲ್ಲ.

ಊಟದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿಕೊಂಡರೆ ಇನ್ನೊಂದು. ಊರಿನ ಹೆಮ್ಮೆಯ ತಿನಿಸು ಸಿಹಿಗುಂಬಳದ ಹೂರಣ ತುಂಬಿದ ಪಾಸ್ತಾ. ಬೆಣ್ಣೆಯಲ್ಲಿ ಬೇಕು, ಮಾಂಸದ ಗೊಜ್ಜು ಬೇಡವೆಂದು ಮೊದಲೇ ಹೇಳಿದರೆ ಮಾಂಸ ತಿನ್ನದವರಿಗೂ ಅದು ಒದಗುತ್ತದೆ. ನಾಲ್ಕು ಕೊಂಬು ಹೊಸೆದಂತಿರುವ ಗರಿಗರಿಯಾದ ‘ಕೊಪ್ಪಿಯಾ’ ಬ್ರೆಡ್ಡು ಸುಲಭವಾಗಿ ಸಿಗುತ್ತದೆಯಾದರೂ, ಅದರ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುತ್ತಾರೆಂಬುದನ್ನು ಸಸ್ಯಾಹಾರಿಗಳು ತಿಳಿದಿರಲೇಬೇಕು. ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ ಎರಡೂ ಹೆಚ್ಚು. ಚಳಿಗಾಲದಲ್ಲಿ ಪೋ ನದಿಯ ಬಯಲಿನ ಮಂಜು ದಿನವಿಡೀ ಕವಿದಿರುವುದುಂಟು. ಏಪ್ರಿಲ್ ಇಲ್ಲವೇ ಅಕ್ಟೋಬರ್ ತಿಂಗಳಲ್ಲಿ ಹೋಗುವುದು ಒಳ್ಳೆಯದು.

ಇನ್ನು ಆ ಕೋಣೆ. ಸ್ಕಿಫನೋಯಾ ಎಂದರೆ ಬೇಸರ ಕಳೆಯುವ ಮನೆ. ಎಸ್ತೆ ದೊರೆಗಳ ವಿಹಾರದ ಅರಮನೆ. ಮೊದಲ ಸಲ ಸೋಮವಾರ ಹೋಗಿದ್ದರಿಂದ ಬಾಗಿಲು ಮುಚ್ಚಿತ್ತು, ಹಿಂದಿರುಗಬೇಕಾಯಿತು. ಎರಡನೆಯ ಸಲ ಹೋಗಲು ಅದೇ ಕಾರಣವಾಯಿತು. ಅಲ್ಲಿನ ತಿಂಗಳುಗಳ ಸಭಾಂಗಣದಲ್ಲಿ ವರ್ಷದ ಒಂದೊಂದು ತಿಂಗಳಿಗೂ ಮೂರು ಪಟ್ಟಿಗಳ ಒಂದೊಂದು ಭಿತ್ತಿಚಿತ್ರವಿತ್ತು. ಹಲವು ಅಳಿದುಹೋಗಿದ್ದರೂ ಪೂರ್ವದ ಗೋಡೆಯ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳು ಚೆನ್ನಾಗಿ ಉಳಿದಿವೆ. ಮೇಲಿನ ಪಟ್ಟಿಯಲ್ಲಿ ರೋಮನ್ ದೇವತೆಯ ಮೆರವಣಿಗೆ, ಕೆಳಗಿನದರಲ್ಲಿ ಬೋರ್ಸೊ ದೊರೆಯ ಬೇಟೆ ಮತ್ತು ಆಸ್ಥಾನ, ನಡುವಿನ ಕಡುನೀಲಿಯಲ್ಲಿ ರಾಶಿ ಮತ್ತು ಅದರ ಮೂರು ಭಾಗಗಳ ಆಕೃತಿಗಳು.

ಮಾರ್ಚ್ ತಿಂಗಳ ಮೇಷ ರಾಶಿಯ ಬಳಿ ಹರಿದ ಬಿಳಿ ಬಟ್ಟೆ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದ, ಕಪ್ಪು ಮೈಯ ಗಂಡಸೊಬ್ಬ ನಿಂತಿದ್ದಾನೆ. ಅವನು ಯಾರೆಂಬುದನ್ನು ಜರ್ಮನಿಯ ಕಲಾ ಇತಿಹಾಸಕಾರ ಅಬಿ ವಾರ್ಬುರ್ಗ್ 1912ರಲ್ಲಿ ರೋಮಿನ ಉಪನ್ಯಾಸವೊಂದರಲ್ಲಿ ಬಿಡಿಸಿ ಹೇಳಿದನು. ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕದಲ್ಲಿ ಮೇಷದ ಮೊದಲ ದ್ರೇಕ್ಕಾಣಕ್ಕೆ, ಅಂದರೆ ರಾಶಿಯ ಮೂರರಲ್ಲೊಂದು ಭಾಗಕ್ಕೆ, ಸೊಂಟಕ್ಕೆ ಬಿಳಿ ವಸ್ತ್ರ ಸುತ್ತಿದ, ಕೆಂಗಣ್ಣಿನ, ಕೊಡಲಿ ಎತ್ತಿದ ಕಪ್ಪು ಪುರುಷನ ವರ್ಣನೆಯಿದೆ. ಅದು ಜ್ಯೋತಿಷಿ ಅಬು ಮಾಶರ್‌ನ ಅರಬ್ಬಿ ಗ್ರಂಥದ ಮೂಲಕ ಯುರೋಪನ್ನು ಮುಟ್ಟಿ ಈ ಗೋಡೆಗೆ ಬಂದಿದೆ. ನಮ್ಮ ಮನೆಗಳಲ್ಲಿ ಜಾತಕ ಬರೆಸುವಾಗ ಕಿವಿಗೆ ಬೀಳುವ ದ್ರೇಕ್ಕಾಣವೆಂಬ ಪದ ಇಲ್ಲಿ ಮೈತಳೆದು ಎದುರು ನಿಂತಾಗ ನನಗೆ ಮಾತೇ ಹೊರಡಲಿಲ್ಲ. ನಾನಿದ್ದ ಎರಡು ಗಂಟೆಯಲ್ಲಿ ಬಂದುಹೋದವರು ಆರೇಳು ಮಂದಿ. ಯಾರೂ ಸರಿಯಿರೆಂದು ಹೇಳಲಿಲ್ಲ.

ಈ ಗೋಡೆಯನ್ನು ಬರೆದ ಫ್ರಾಂಚೆಸ್ಕೊ ದೆಲ್ ಕೊಸ್ಸಾ 1470ರ ಮಾರ್ಚ್ 25ರಂದು ದೊರೆಗೆ ಪತ್ರ ಬರೆದು, ತನಗೂ ಊರಿನ ಕೈಲಾಗದ ಸಹಾಯಕನಿಗೂ ಗೋಡೆಯ ಒಂದೊಂದು ಅಡಿ ಅಳತೆಗೆ ಹತ್ತು ಬೊಲೊನ್ಯೀನಿ ನಾಣ್ಯಗಳ ಒಂದೇ ಕೂಲಿಯೇ ಎಂದು ನೊಂದುಕೊಂಡನು. ದೊರೆ ಒಪ್ಪಲಿಲ್ಲ, ಅವನು ಊರು ಬಿಟ್ಟು ಬೊಲೊನ್ಯಾಕ್ಕೆ ಹೋದನು. ಆ ಮೂರು ತಿಂಗಳುಗಳು ಅವನ ಕೈಯವೆಂದು ನಮಗೆ ಗೊತ್ತಾಗಿರುವುದೂ ಆ ಪತ್ರದಿಂದಲೇ. ಟಿಕೆಟ್ ಕೊಂಡು ಒಳಗೆ ಹೋದವರು ಮೊದಲು ಪೂರ್ವದ ಗೋಡೆಯ ಎದುರು ನಿಲ್ಲಲಿ.