ನಾಣ್ಯದ ಬೆಲೆ ಪುಸ್ತಕ ಪ್ರತಿ ವರ್ಷ ಹೊಸದು ಕೊಳ್ಳಬೇಕಾ? ಏಳು ಪ್ರತಿ ಕೊಂಡವನ ಅನುಭವ

ನಾನು ಹಾಸನದವನು. ಭಾರತದ ನಾಣ್ಯಗಳ ಬೆಲೆ ಪುಸ್ತಕವನ್ನು 2014ರಿಂದ 2019ರವರೆಗೆ ಪ್ರತಿ ವರ್ಷ ತರಿಸಿಕೊಂಡೆ, ಆರು ಪ್ರತಿ. ಆಮೇಲೆ ನಿಲ್ಲಿಸಿ 2024ರಲ್ಲಿ ಮತ್ತೊಂದು ಕೊಂಡೆ. ಪುಸ್ತಕದ ಹೆಸರು ಹೇಳುವುದಿಲ್ಲ, ಯಾಕೆಂದರೆ ನನ್ನ ಮಾತು ಈ ತರದ ಎಲ್ಲ ಪುಸ್ತಕಗಳಿಗೂ ಅನ್ವಯಿಸುತ್ತದೆ. ಹೊಸದಾಗಿ ನಾಣ್ಯ ಕೂಡಿಸುವ ಹುಡುಗರು ಇದನ್ನೇ ಮೊದಲು ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕ ಬೇಕೇ ಬೇಕು. ಪ್ರತಿ ವರ್ಷ ಮಾತ್ರ ಬೇಡ.

ಮೊದಲು ಬೆಲೆಯ ವಿಷಯ. ಪುಸ್ತಕ ಮಾಡುವವರು ಹರಾಜಿನ ಬೆಲೆ, ವ್ಯಾಪಾರಿಗಳು ಹೇಳಿದ ಬೆಲೆ ಎಲ್ಲ ಸೇರಿಸಿ, ಅಚ್ಚು ಹಾಕಿಸಿ, ಅದು ಅಂಚೆಯಲ್ಲಿ ನಮ್ಮ ಮನೆಗೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಹಳೆಯದಾಗಿರುತ್ತದೆ. ನಾವು ಅದನ್ನು ಇನ್ನೂ ಒಂದು ವರ್ಷ ಬಳಸುತ್ತೇವೆ. ಒಂದು ಭಾನುವಾರ 2016 ಮತ್ತು 2017ರ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬ್ರಿಟಿಷ್ ರಾಜ ಐದನೇ ಜಾರ್ಜ್ ಕಾಲದ ಕಾಲಾಣೆ ಪುಟವನ್ನು ಸಾಲು ಸಾಲಾಗಿ ನೋಡಿದೆ. ಇಡೀ ಪುಟದಲ್ಲಿ ಎರಡು ಅಂಕಿ ಮಾತ್ರ ಬದಲಾಗಿದ್ದವು. ಅಷ್ಟಕ್ಕೆ ನಾನು ಮತ್ತೆ ಪೂರ್ತಿ ದುಡ್ಡು ಕೊಟ್ಟಿದ್ದೆ.

ಇನ್ನು ಬೆಳ್ಳಿ. ಐದನೇ ಜಾರ್ಜ್ ರೂಪಾಯಿ 11.66 ಗ್ರಾಂ ತೂಕ, ನೂರಕ್ಕೆ 91.7 ಭಾಗ ಬೆಳ್ಳಿ. ಅಂದರೆ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 2018ರಲ್ಲಿ ಬೆಳ್ಳಿ ಕೆ.ಜಿ.ಗೆ 40 ಸಾವಿರದ ಆಸುಪಾಸು ಇತ್ತು, ಆ ಲೆಕ್ಕದಲ್ಲಿ ಬರೀ ಬೆಳ್ಳಿಗೇ ಸುಮಾರು 430 ರೂಪಾಯಿ. 2025ರಲ್ಲಿ ಬೆಳ್ಳಿ ಒಂದು ಲಕ್ಷ ದಾಟಿತು. ಈಗ ಅದೇ ನಾಣ್ಯದ ಬೆಳ್ಳಿಗೇ ಸಾವಿರಕ್ಕೂ ಜಾಸ್ತಿ. ಸಾಮಾನ್ಯ ವರ್ಷದ, ಸವೆದ ರೂಪಾಯಿಗಳಿಗೆ ನನ್ನ 2018ರ ಪ್ರತಿಯಲ್ಲಿರುವ ಬೆಲೆ ಇವತ್ತು ಬೆಳ್ಳಿಯ ಬೆಲೆಗಿಂತಲೂ ಕಮ್ಮಿ! ಬೆಳ್ಳಿ ಹೀಗೆ ಏರುವಾಗ ಯಾವ ಪುಸ್ತಕವೂ ಅದರ ಹಿಂದೆ ಓಡಲಾರದು. ಇಂಥ ಸವೆದ ರೂಪಾಯಿಗಳಿಗೆ ತಕ್ಕಡಿ ಮತ್ತು ಇವತ್ತಿನ ಬೆಳ್ಳಿ ದರ ಇದ್ದರೆ ಸಾಕು.

ಪುಸ್ತಕದ ಬೆಲೆಯನ್ನೇ ನಂಬಿ ಹೊರಟರೆ ಏನಾಗುತ್ತದೆ ಅಂತ ನಮ್ಮ ಚಿಕ್ಕಮ್ಮನ ಜೊತೆ ಹೋದಾಗ ಗೊತ್ತಾಯಿತು. ಅವರ ಹತ್ತಿರ ಅವರ ಅತ್ತೆ ಕೊಟ್ಟ 23 ಬೆಳ್ಳಿ ರೂಪಾಯಿಗಳಿದ್ದವು, ವರ್ಷಾ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ತೆಗೆದು ಕಳಶದ ಮುಂದೆ ಇಡುತ್ತಿದ್ದರು. ಮಗಳ ಫೀಸಿಗೆ ಕೆಲವನ್ನು ಮಾರಬೇಕಾಯಿತು. ನಾನು ಪುಸ್ತಕ ನೋಡಿ ಒಂದು ಚೀಟಿಯಲ್ಲಿ ಬೆಲೆ ಬರೆದುಕೊಟ್ಟೆ, ಇಬ್ಬರೂ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಚೀಟಿ ನೋಡಲೇ ಇಲ್ಲ. ಒಂದು ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು ಚಿಕ್ಕಮ್ಮನಿಗೆ ತೋರಿಸಿದರು.

"ಇಲ್ಲಿ ನೋಡಿ ಅಮ್ಮಾ, ರಾಜನ ಕೆನ್ನೆ ಮೇಲೆ ಗೆರೆಗೆರೆ ಇದೆಯಲ್ಲ, ಇದು ಸಬೀನ ಹಾಕಿ ಉಜ್ಜಿದ್ದು. ನಾನು ತೂಕಕ್ಕೆ ತಗೋತೀನಿ, ಅಷ್ಟೇ."

"ಹಬ್ಬಕ್ಕೆ ತೊಳೀದೆ ಇಡೋಕಾಗುತ್ತೇನಪ್ಪಾ?" ಅಂದರು ಚಿಕ್ಕಮ್ಮ.

ಅಂಗಡಿಯವರು ಹೇಳಿದ್ದು ಸರಿಯೇ ಇತ್ತು. ಲೆನ್ಸ್‌ನಲ್ಲಿ ನೋಡಿದರೆ ಕೂದಲಿನಷ್ಟು ಸಣ್ಣ ಗೀರುಗಳು, ಕೆನ್ನೆಯಿಂದ ಕಿರೀಟದವರೆಗೆ ಒಂದೇ ದಿಕ್ಕಿಗೆ. ಐದು ನಾಣ್ಯಗಳ ಮೇಲ್ಭಾಗದಲ್ಲಿ ಕೊಂಡಿ ಬೆಸುಗೆ ಹಾಕಿದ ಗುರುತೂ ಇತ್ತು, ಯಾವಾಗಲೋ ಸರಕ್ಕೆ ಪೋಣಿಸಿದ್ದಿರಬೇಕು. ಪುಸ್ತಕದಲ್ಲಿ ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್ ಅಂತ (ನಾಣ್ಯ ಎಷ್ಟು ಕಮ್ಮಿ ಸವೆದಿದೆ ಅನ್ನುವ ದರ್ಜೆಗಳು) ಕೊಡುವ ಬೆಲೆ ಉಜ್ಜದ, ಬೆಸುಗೆ ಹಾಕದ ನಾಣ್ಯಕ್ಕೆ. ಮುನ್ನುಡಿಯಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನಾನು ಅಷ್ಟು ವರ್ಷ ಸರಿಯಾಗಿ ಓದಿರಲಿಲ್ಲ. ದಯವಿಟ್ಟು ಮನೆಯ ಹಳೇ ನಾಣ್ಯಗಳನ್ನು ಹುಣಸೆಹಣ್ಣು, ಸಬೀನ ಯಾವುದರಿಂದಲೂ ಉಜ್ಜಬೇಡಿ. ಕಪ್ಪಾಗಿದ್ದರೆ ಇರಲಿ.

ಆದರೆ ಅದೇ 23ರಲ್ಲಿ ಒಂದು ನಾಣ್ಯವನ್ನು ಮಾರದೆ ಉಳಿಸಿದ್ದು ಇದೇ ಪುಸ್ತಕ. 1911ರ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇರುತ್ತದೆ. 1911ರಲ್ಲಿ ಅದರ ಸೊಂಡಿಲು ಎಷ್ಟು ಗಿಡ್ಡವಾಗಿ ಬಂದಿತ್ತೆಂದರೆ ಜನ ಹಂದಿ ಅಂದುಕೊಂಡು ಸಿಟ್ಟಾದರು, ಸರ್ಕಾರ ಅವನ್ನು ಹಿಂದಕ್ಕೆ ತೆಗೆದುಕೊಂಡು ಹೆಚ್ಚಿನವನ್ನು ಕರಗಿಸಿತು. 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿದರು. ಇದನ್ನೆಲ್ಲ ನಾನು ಓದಿದ್ದು ಮೊದಲ ಪ್ರತಿಯಲ್ಲಿ, 2014ರದ್ದರಲ್ಲಿ. ಈ ಮಾಹಿತಿ ಹಳೆಯದಾಗುವುದಿಲ್ಲ ಅಲ್ವಾ?

ಪುಸ್ತಕದ ನಿಜವಾದ ಬೆಲೆ ಇರುವುದು ಇಲ್ಲೇ. ನಾಲ್ಕನೇ ವಿಲಿಯಂನ 1835ರ ರೂಪಾಯಿಯಿಂದ ಹಿಡಿದು ಇವತ್ತಿನವರೆಗೆ ಯಾವ ನಾಣ್ಯ ಯಾವುದು ಅಂತ ಗುರುತು ಹಿಡಿಯಲು ಕಲಿಸುತ್ತದೆ. ವಿಕ್ಟೋರಿಯಾ ರಾಣಿಯ ರೂಪಾಯಿ ಮೇಲೆ 1862 ಅಂತಿದ್ದರೆ ಅದು 1862ರಲ್ಲೇ ಅಚ್ಚಾದದ್ದು ಅಂತಲ್ಲ, 1874ರವರೆಗೂ ಅದೇ ಇಸವಿ ಹಾಕುತ್ತಿದ್ದರು, ಯಾವ ವರ್ಷದ್ದು ಅಂತ ನಾಣ್ಯದ ಮೇಲಿನ ಚುಕ್ಕಿ ಎಣಿಸಿ ನೋಡಬೇಕು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ತೂಕ ಮಾತ್ರ ಅದೇ 11.66 ಗ್ರಾಂ ಉಳಿಯಿತು, ಹಾಗಾಗಿ ಬರೀ ತಕ್ಕಡಿ ನಂಬಿದರೆ ಮೋಸ ಹೋಗುತ್ತೀರಿ. 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಗುರುತು ಇದ್ದರೆ ಮುಂಬೈ, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದಕ್ಕೆಲ್ಲ ಹತ್ತು ವರ್ಷ ಹಳೆಯ ಪ್ರತಿಯೂ ಸಾಕು.

ನಮ್ಮ ಕಡೆಯವರು ಹೊಯ್ಸಳರ ಗದ್ಯಾಣದ ಬೆಲೆಯನ್ನೂ ಕೇಳುತ್ತಾರೆ, ಬೇಲೂರು ಹಳೇಬೀಡು ಪಕ್ಕದಲ್ಲೇ ಇರುವುದರಿಂದ. ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ "ಶ್ರೀ ತಲಕಾಡುಗೊಂಡ" (ತಲಕಾಡನ್ನು ಗೆದ್ದವನು) ಅಂತ ಇರುತ್ತದೆ, ಚಿತ್ರದಲ್ಲಿ ನೋಡಿದರೂ ಮೈ ಜುಮ್ಮೆನ್ನುತ್ತದೆ. ಇಂಥವಕ್ಕೆ ವಾರ್ಷಿಕ ಪುಸ್ತಕದ ಬೆಲೆ ಉಪಯೋಗಕ್ಕೆ ಬರುವುದಿಲ್ಲ, ಒಂದೊಂದು ನಾಣ್ಯಕ್ಕೂ ಹರಾಜಿನಲ್ಲಿ ಬೇರೆ ಬೇರೆ ಬೆಲೆ. ಹೊಲದಲ್ಲಿ ನಿಧಿ ಸಿಕ್ಕಿದ್ದರಂತೂ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು.

ಈಗ ನಾನು ಮಾಡುವುದು ಇಷ್ಟು. ಗುರುತು ಹಿಡಿಯಲು ಪುಸ್ತಕ, ಜೊತೆಗೆ ನ್ಯೂಮಿಸ್ಟಾ ಅನ್ನುವ ನಾಣ್ಯಗಳ ಜಾಲತಾಣ, ಅದು ಉಚಿತ. ಬೆಲೆಗೆ ಹರಾಜು ಮನೆಗಳು ಹಾಕುವ, ನಿಜವಾಗಿ ಮಾರಾಟವಾದ ಬೆಲೆಯ ಪಟ್ಟಿ. ಅದರಲ್ಲೂ ಒಂದೇ ಮಾರಾಟ ನೋಡಬೇಡಿ, ಮೂರು ನಾಲ್ಕು ನೋಡಿ, ಹರಾಜು ಮನೆಯ ಕಮಿಷನ್ ಸೇರಿದೆಯಾ ಅಂತ ನೋಡಿ. ಮಾರುವವರು ಹಾಕಿಕೊಂಡ ಬೆಲೆ ಬೆಲೆಯಲ್ಲ. ಫೋನಿನಲ್ಲಿ ಬರುವ "ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ" ಅನ್ನುವ ವಿಡಿಯೋಗಳನ್ನು ಅಲ್ಲೇ ಮುಚ್ಚಿ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯದ ವ್ಯಾಪಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

2024ರ ಪ್ರತಿ ಯಾಕೆ ಕೊಂಡೆ ಅಂದರೆ, ಐದು ವರ್ಷದಲ್ಲಿ ಹೊಸ ಸ್ಮರಣಾರ್ಥ ನಾಣ್ಯಗಳು ಬಂದಿದ್ದವು, ಚಿತ್ರಗಳೂ ಚೆನ್ನಾಗಾಗಿದ್ದವು. ಅದಕ್ಕೆ ದುಡ್ಡು ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಮುಂದಿನದು 2030ರ ಸುಮಾರಿಗೆ. ಮಧ್ಯದ ಪ್ರತಿಗಳ ದುಡ್ಡಿನಲ್ಲಿ 0.01 ಗ್ರಾಂ ತೋರಿಸುವ ತಕ್ಕಡಿ ಮತ್ತು ಒಳ್ಳೆಯ ಲೆನ್ಸ್ ಬರುತ್ತಿತ್ತು, ಮೊದಲ ವರ್ಷವೇ ಅವನ್ನು ಕೊಳ್ಳಬೇಕಿತ್ತು. ಪುಸ್ತಕಕ್ಕೆ 5ಕ್ಕೆ 4 ಕೊಡುತ್ತೇನೆ, ಪ್ರತಿ ವರ್ಷ ಕೊಳ್ಳುವುದಕ್ಕೆ 1.

2015ರಿಂದ 2018ರವರೆಗಿನ ನಾಲ್ಕು ಪ್ರತಿ ನನ್ನ ಹತ್ತಿರ ಸುಮ್ನೆ ಕೂತಿವೆ. ಹಾಸನದಲ್ಲಿ ಹೊಸದಾಗಿ ಶುರು ಮಾಡಿದವರು ಯಾರಾದರೂ ಇದ್ದರೆ ಕೆಳಗೆ ತಿಳಿಸಿ, ಹಾಗೇ ಕೊಡುತ್ತೇನೆ. 2014ರದ್ದು ಮಾತ್ರ ಕೊಡುವುದಿಲ್ಲ. 1911ರ ಪುಟದ ಅಂಚಿನಲ್ಲಿ ಚಿಕ್ಕಮ್ಮನ ನಾಣ್ಯದ ತೂಕ ಬರೆದಿಟ್ಟಿದ್ದೇನೆ.