ಸಿಹಿನೀರಿನ ಮುತ್ತೋ, ಅಕೋಯಾವೋ, ಶೆಲ್ ಪರ್ಲೋ: ನಾಲ್ಕು ವರ್ಷ ಹಾಕಿದ ಮೇಲೂ ಮುತ್ತಾಗಿಯೇ ಉಳಿಯುವ ಸರ ಯಾವುದು?

ವಾರಕ್ಕೆ ಎರಡು ಮೂರು ದಿನ ಆಫೀಸಿಗೆ, ಜೊತೆಗೆ ಹಬ್ಬ, ನಾಮಕರಣ, ಮದುವೆಮನೆ ಎಲ್ಲಕ್ಕೂ ಆಗುವಂಥ ಒಂದೇ ಮುತ್ತಿನ ಸರ ಬೇಕು ಎಂದರೆ ನನ್ನ ಆಯ್ಕೆ ಸಿಹಿನೀರಿನ ಮುತ್ತು. ಗಾತ್ರ 6.5ರಿಂದ 7 ಮಿ.ಮೀ., ಹೆಚ್ಚುಕಮ್ಮಿ ದುಂಡು, ಉದ್ದ 18 ಇಂಚು, ಒಂದೊಂದು ಮುತ್ತಿನ ನಡುವೆಯೂ ರೇಷ್ಮೆ ದಾರದ ಗಂಟು. ಜಪಾನಿನ ಸಮುದ್ರದ ಮುತ್ತಾದ ಅಕೋಯಾ ಇದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ, ಒಪ್ಪಿಕೊಳ್ಳಲೇಬೇಕು. ಲೇಪ ಹಚ್ಚಿದ ಕೃತಕ ಮುತ್ತಾದ ಶೆಲ್ ಪರ್ಲ್ ಇದಕ್ಕಿಂತ ದುಂಡಗಿದೆ, ಅಗ್ಗವೂ ಹೌದು. ಆದರೆ ಮೂರೂ ಸರ ಅದೇ ಬೆವರು, ಅದೇ ಕುಂಕುಮ, ಅದೇ ಸೆಂಟಿನ ಜೊತೆ ಬಾಳಬೇಕು. ಹಾಗೆ ಹಾಕಿ ನೋಡಿದಾಗ ಮೊದಲು ಸೋಲುವುದು ಶೆಲ್ ಪರ್ಲ್, ಆಮೇಲೆ ತೆಳುಪದರದ ಅಕೋಯಾ.

ಹೆಸರಿನ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಹೈದರಾಬಾದಿಗೆ ಹೋದವರು ಚಾರ್‌ಮಿನಾರ್ ಪಕ್ಕದ ಪತ್ತರ್‌ಗಟ್ಟಿಯಿಂದ ‘ಹೈದರಾಬಾದ್ ಮುತ್ತು’ ತರುತ್ತಾರೆ. ಹೈದರಾಬಾದಿಗೆ ಸಮುದ್ರವಿಲ್ಲ, ಮುತ್ತು ಅಲ್ಲಿ ಬೆಳೆಯುವುದಿಲ್ಲ. ಆ ಊರಿನ ಹೆಚ್ಚುಗಾರಿಕೆ ಇರುವುದು ಮುತ್ತಿಗೆ ತೂತು ಕೊರೆಯುವ, ಗಾತ್ರ ಬಣ್ಣ ನೋಡಿ ಆರಿಸುವ, ಪೋಣಿಸುವ ಕಸುಬಿನಲ್ಲಿ. ನಿಜಾಮರ ಕಾಲದಿಂದ ಬಂದ ಕೈ ಅದು. ಇಂದು ಅಲ್ಲಿ ಮಾರಾಟವಾಗುವ ಮುತ್ತಿನಲ್ಲಿ ಬಹುಪಾಲು ಚೀನಾದ ಕೆರೆಕೊಳಗಳಲ್ಲಿ ಬೆಳೆಸಿದ ಸಿಹಿನೀರಿನದು. ಹಾಗಾಗಿ ‘ಹೈದರಾಬಾದಿನದ್ದಾ?’ ಎಂದು ಕೇಳುವುದಕ್ಕಿಂತ ‘ಸಿಹಿನೀರಿನದ್ದಾ, ಸಮುದ್ರದ್ದಾ, ಲೇಪ ಹಚ್ಚಿದ್ದಾ?’ ಎಂದು ಕೇಳಿ, ಸಿಕ್ಕ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಮುತ್ತಿನ ಮೇಲೆ ನಮ್ಮ ಜನಕ್ಕೆ ಇಷ್ಟು ಮಮತೆ ಯಾಕೆ? ವಜ್ರ, ಮಾಣಿಕ್ಯ, ಪಚ್ಚೆ ಎಲ್ಲವೂ ಸಾಣೆ ಹಿಡಿಸಿಕೊಂಡ ಮೇಲೆ ಬೆಳಗುವಂಥವು. ಮುತ್ತು ಚಿಪ್ಪಿನಿಂದ ಹೊರಬರುವಾಗಲೇ ಬೆಳಗುತ್ತಿರುತ್ತದೆ. ಕಣ್ಣು ಕುಕ್ಕದ ಆ ತಂಪು ಬೆಳಕಿನಿಂದಲೇ ಇರಬೇಕು, ನವರತ್ನದಲ್ಲಿ ಅದು ಚಂದ್ರನ ಪಾಲಾಯಿತು. ಅಕ್ಷರ ಚೆಂದವಿದ್ದರೆ ‘ಮುತ್ತು ಪೋಣಿಸಿದ ಹಾಗಿದೆ’ ಎನ್ನುತ್ತೇವೆ. ಮುತ್ತೈದೆ ಎಂಬ ಮಾತಿನಲ್ಲೂ ನಮ್ಮ ಕಿವಿಗೆ ಮುತ್ತೇ ಕೇಳಿಸುತ್ತದೆ. ಬೆಳಗಾವಿ ಕಡೆ ಮದುಮಕ್ಕಳ ಹಣೆಗೆ ಮುತ್ತಿನ ಎಳೆಗಳ ಮುಂಡಾವಳಿ ಕಟ್ಟುತ್ತಾರೆ, ಮದುಮಗಳ ಮೂಗಿಗೆ ಮುತ್ತಿನ ನತ್ತು ಇಡುತ್ತಾರೆ. ಯುರೋಪಿನ ಕೆಲವೆಡೆ ಮುತ್ತು ಕಣ್ಣೀರಿನ ಗುರುತು, ಮದುವಣಗಿತ್ತಿಗೆ ಬೇಡ ಎನ್ನುವ ನಂಬಿಕೆಯುಂಟು. ನಮ್ಮಲ್ಲಿ ಅದು ಸೌಭಾಗ್ಯದ ಗುರುತು. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ಕಥೆ ಯಾರಿಗೆ ಗೊತ್ತಿಲ್ಲ? ಮುತ್ತಿನ ತೋಟದಲ್ಲಿ ಆ ಹನಿಯ ಕೆಲಸವನ್ನು ಮಾಡುವುದು ಇನ್ನೊಂದು ಚಿಪ್ಪಿನ ಮೈಯಿಂದ ಕತ್ತರಿಸಿದ ಸಣ್ಣ ಅಂಗಾಂಶದ ಚೂರು. ಮೂರು ಸರಗಳ ವ್ಯತ್ಯಾಸ ಶುರುವಾಗುವುದೂ ಇಲ್ಲಿಂದಲೇ.

ಸಿಹಿನೀರಿನ ಚಿಪ್ಪಿಗೆ ಸಾಮಾನ್ಯವಾಗಿ ಆ ಚೂರನ್ನಷ್ಟೇ ಇಡುತ್ತಾರೆ. ಒಂದು ಚಿಪ್ಪಿನಲ್ಲಿ ಮೂವತ್ತು, ನಲವತ್ತು ಮುತ್ತು ಒಟ್ಟಿಗೆ ಬೆಳೆಯುತ್ತವೆ. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದು, ಗುಣ ಕಡಿಮೆ ಎಂದಲ್ಲ. ಒಳಗೆ ಮಣಿ ಇಲ್ಲದ್ದರಿಂದ 7 ಮಿ.ಮೀ. ಮುತ್ತಿನಲ್ಲಿ ಹೊರಮೈಯಿಂದ ನಡುವಿನವರೆಗೆ ಸುಮಾರು 3.5 ಮಿ.ಮೀ. ಬರೀ ಮುತ್ತಿನ ಪದರವೇ, ನೇಕರ್ ಎನ್ನುತ್ತಾರಲ್ಲ ಅದು. ಅಕೋಯಾದಲ್ಲಿ ಆ ಚೂರಿನ ಜೊತೆ ಚಿಪ್ಪಿನಿಂದ ಕಡೆದ ದುಂಡು ಮಣಿಯೊಂದನ್ನು ಇಡುತ್ತಾರೆ. ಸಿಂಪಿ ಅದರ ಸುತ್ತ ಪದರ ಕಟ್ಟುತ್ತದೆ. ಮಣಿ ದುಂಡಗಿರುವುದರಿಂದ ಮುತ್ತೂ ದುಂಡು. ಆದರೆ ಒಳ್ಳೆಯ ಅಕೋಯಾದಲ್ಲೂ ಪದರದ ದಪ್ಪ ಅರ್ಧ ಮಿ.ಮೀ. ಆಸುಪಾಸು, ಬೇಗ ಕಿತ್ತ ಅಗ್ಗದ ಮಾಲಿನಲ್ಲಿ ಅದಕ್ಕೂ ಎಷ್ಟೋ ಕಡಿಮೆ. ಶೆಲ್ ಪರ್ಲ್ ಎಂದರೆ ಚಿಪ್ಪಿನ ಪುಡಿಯಿಂದಲೋ ತುಂಡಿನಿಂದಲೋ ಮಾಡಿದ ಮಣಿಗೆ ಹೊಳಪಿನ ಲೇಪ ಹಚ್ಚಿದ್ದು. ಅದರಲ್ಲಿ ಜೀವ ಕಟ್ಟಿದ ಪದರವಿಲ್ಲ.

ಅಕೋಯಾದ ಹೊಳಪು ನಿಜಕ್ಕೂ ಬೇರೆ ದರ್ಜೆ. ತಣ್ಣನೆಯ ನೀರಿನಲ್ಲಿ ಪದರ ನಿಧಾನವಾಗಿ, ಒತ್ತಾಗಿ ಕೂರುತ್ತದೆ. ಚಳಿಗಾಲದಲ್ಲಿ ತೆಗೆದ ಮುತ್ತಿನ ಮೇಲೆ ಕಿಟಕಿಯ ಚೌಕಟ್ಟು ಗೆರೆ ಗೆರೆಯಾಗಿ ಕಾಣುತ್ತದೆ. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಇದೇ ಸಿಂಪಿಯಲ್ಲಿ ಅರ್ಧಗೋಳದ ಮುತ್ತು ಬೆಳೆಸಿದ್ದು. ಕೊಳ್ಳುವವರು ಒಂದು ಪರೀಕ್ಷೆ ಮಾಡಲೇಬೇಕು. ಬಿಳಿ ಬಟ್ಟೆಯ ಮೇಲೆ ಎಳೆಯನ್ನು ಹರವಿ, ಒಂದೇ ದೀಪದ ಕೆಳಗೆ, ಅಂಗೈಯಿಂದ ನಿಧಾನವಾಗಿ ಹೊರಳಿಸಿ. ಪದರ ತೆಳುವಾಗಿದ್ದರೆ ಒಳಗಿನ ಮಣಿಯ ಪಟ್ಟೆಗಳು ಹಾದುಹೋಗುತ್ತವೆ, ಮುತ್ತು ಒಮ್ಮೆ ಬೆಳಗಿ ಒಮ್ಮೆ ಮಂಕಾಗಿ ಕಣ್ಣು ಪಿಳುಕಿಸಿದಂತೆ ಕಾಣುತ್ತದೆ. ಅಂಥದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬಿಡಿ. ಎರಡು ಮೂರು ವರ್ಷದ ಬೆವರಿಗೆ ತೂತಿನ ಅಂಚಿನ ಪದರ ಸವೆದು ಮಣಿ ಇಣುಕುತ್ತದೆ, ಅದಕ್ಕೆ ರಿಪೇರಿಯೇ ಇಲ್ಲ.

ಶೆಲ್ ಪರ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ದಿನ ಅದರಷ್ಟು ಅಂದ ಯಾವುದಕ್ಕೂ ಇಲ್ಲ: ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ, ಕೈಗೆ ಭಾರ. ತೂತಿನ ಬಾಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಲೇಪ ಬಣ್ಣದ ಹಾಗೆ ಚಕ್ಕೆ ಎದ್ದಿರುವುದು ಕಾಣುತ್ತದೆ. ಸೆಂಟು, ಹೇರ್ ಸ್ಪ್ರೇ ತಗುಲಿದಲ್ಲಿಂದ ಸುಲಿಯುತ್ತಾ ಹೋಗುತ್ತದೆ. ಭರತನಾಟ್ಯದ ಅಲಂಕಾರಕ್ಕೆ, ಮುಂಡಾವಳಿಗೆ, ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೆ ಧಾರಾಳವಾಗಿ ಬಳಸಬಹುದು. ನಿತ್ಯ ಕೊರಳಿಗೆ ಬೇಡ.

ಅಸಲಿಯೋ ಅಲ್ಲವೋ ಎಂದು ತಿಳಿಯಲು ಹಲ್ಲಿಗೆ ಉಜ್ಜುವ ಹಳೇ ಪರೀಕ್ಷೆ ಸಾಕು. ಮುತ್ತಿನ ಪದರ ನುಣ್ಣನೆ ಮರಳಿನ ಹಾಗೆ ತರಿತರಿಯಾಗಿ ತಾಗುತ್ತದೆ, ಲೇಪ ಜಾರುತ್ತದೆ. ಕೆಲವು ಅಂಗಡಿಗಳಲ್ಲಿ ಲೈಟರ್ ಉರಿ ಹಿಡಿದು ‘ನೋಡಿ, ಸುಡೋದಿಲ್ಲ’ ಎಂದು ತೋರಿಸುತ್ತಾರೆ. ಹಾಗೆ ಮಾಡಲು ಬಿಡಬೇಡಿ. ಪದರಗಳ ನಡುವೆ ನೀರಿನಂಶವೂ ಪ್ರೋಟೀನಿನ ಅಂಟೂ ಇರುತ್ತವೆ; ಬಿಸಿಗೆ ಅವು ಒಣಗಿ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಇಷ್ಟು ಹೊಗಳಿದ ಸಿಹಿನೀರಿನ ಮುತ್ತಿಗೂ ತಲೆನೋವಿನ ಒಂದು ವಿಷಯ ಉಂಟು: ತೂತು, ಮತ್ತು ಅದರೊಳಗೆ ಹೋಗಬೇಕಾದ ದಾರ.

ಅಕೋಯಾದ ತೂತು ಸಾಮಾನ್ಯವಾಗಿ 0.8 ಮಿ.ಮೀ. ಆಸುಪಾಸು, ನೇರವಾಗಿ, ನುಣ್ಣಗೆ ಇರುತ್ತದೆ. ಸಿಹಿನೀರಿನ ಅಗ್ಗದ ಎಳೆಯಲ್ಲಿ ತೂತು ಅದಕ್ಕಿಂತ ಕಿರಿದು, ಒಂದೊಂದರದ್ದು ಒಂದೊಂದು ಅಳತೆ. ಎರಡೂ ಕಡೆಯಿಂದ ಕೊರೆದದ್ದು ನಡುವೆ ಸರಿಯಾಗಿ ಸಂಧಿಸಿರುವುದೂ ಇಲ್ಲ. ಗಂಟು ಹಾಕುವ ಸರಕ್ಕೆ ರೇಷ್ಮೆ ದಾರವನ್ನು ಜೋಡಿ ಎಳೆಯಾಗಿ ಹಾಯಿಸಬೇಕು. ದಪ್ಪ ದಾರ ಕಿರಿದಾದ ತೂತಿಗೆ ಹೋಗದು. ಪೋಣಿಸುವವರು ತಮ್ಮ ಕೆಲಸ ಸಲೀಸಾಗಲಿ ಎಂದು ತೆಳು ದಾರ ಹಿಡಿಯುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿ. ತೆಳು ದಾರದ ಗಂಟು ದೊಡ್ಡ ತೂತಿನ ಮುತ್ತಿನೊಳಕ್ಕೆ ಜಾರಿ ಮಾಯವಾಗುತ್ತದೆ. ಗಂಟು ಒಳಗೆ ಹೋದಲ್ಲಿ ಮುತ್ತಿಗೆ ಮುತ್ತು ತಾಗಿ ಉಜ್ಜುತ್ತದೆ. ಮುತ್ತಿನ ಗಡಸುತನ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ, 2.5ರಿಂದ 4.5 ಅಷ್ಟೇ, ತಾಗಿದಲ್ಲಿ ಹೊಳಪು ಹೋಗಿ ಸುಣ್ಣದ ಬಿಳಿ ಕಲೆ ಏಳುತ್ತದೆ. ಆರು ತಿಂಗಳಲ್ಲಿ ದಾರ ಜಗ್ಗಿ ಕೊಕ್ಕೆಯ ಬಳಿ ಒಂದೆರಡು ಮಿ.ಮೀ. ಬರೀ ದಾರ ಕಾಣತೊಡಗುತ್ತದೆ, ಹರಿಯುವುದೂ ಅಲ್ಲೇ.

ಹಾಗಾದರೆ ತಂಗೂಸಿಯಲ್ಲಿ ಪೋಣಿಸಿದರೆ ಆಗದೇ? ಹರಿಯುವುದಿಲ್ಲ, ನಿಜ. ಆದರೆ ತಂಗೂಸಿ ಸೆಟೆದು ನಿಲ್ಲುತ್ತದೆ. ಸರ ಕೊರಳ ಮೇಲೆ ಇಳಿಬೀಳದೆ ಬಳೆಯ ಹಾಗೆ ಎದ್ದು ಕೂರುತ್ತದೆ, ಗಂಟೂ ಬಿಗಿಯಾಗಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ತಂತಿ, ಗೇರ್ ವೈರ್, ಇನ್ನೂ ಕೆಟ್ಟದ್ದು. ಒಳಗಿನ ಉಕ್ಕಿನ ಎಳೆ ತೂತಿನ ಅಂಚನ್ನು ಗರಗಸದಂತೆ ತಿನ್ನುತ್ತದೆ.

ಸರಿಯಾದ ದಾರಿ ಇದು. ಕೊಳ್ಳುವಾಗ ಸರವಾಗಿ ಸಿದ್ಧಪಡಿಸಿದ್ದನ್ನು ಬಿಟ್ಟು, ತಾತ್ಕಾಲಿಕವಾಗಿ ಪೋಣಿಸಿ ಮಾರುವ 16 ಇಂಚಿನ ಬಿಡಿ ಎಳೆ ಕೊಳ್ಳಿ. 7 ಮಿ.ಮೀ. ಆದರೆ ಅದರಲ್ಲಿ ಸುಮಾರು 58 ಮುತ್ತು ಇರುತ್ತವೆ. ಒಂದೊಂದು ಗಂಟೂ 0.7 ಮಿ.ಮೀ. ಜಾಗ ಹಿಡಿಯುವುದರಿಂದ, ಕೊಕ್ಕೆಯೂ ಸೇರಿ, ಅದೇ ಎಳೆ 18 ಇಂಚಿನ ಸರವಾಗುತ್ತದೆ. ಹೆಚ್ಚಿಗೆ ಮುತ್ತು ಕೊಳ್ಳಬೇಕಿಲ್ಲ. ಪೋಣಿಸುವ ಮುಂಚೆ ಬಿಡಿ ಮುತ್ತುಗಳನ್ನು ಸ್ವಲ್ಪ ವಾಲಿಸಿದ ತಟ್ಟೆಯ ಮೇಲೆ ಬಿಡಿ: ದುಂಡಾದವು ನೆಟ್ಟಗೆ ಉರುಳುತ್ತವೆ, ಉಳಿದವು ಸೊಟ್ಟ ಹೋಗುತ್ತವೆ. ನೆಟ್ಟಗೆ ಹೋದವು ಎದೆಯ ಮುಂದೆ, ಸೊಟ್ಟ ಹೋದವು ಕತ್ತಿನ ಹಿಂದೆ.

ತೂತು ಕಿರಿದಾದವನ್ನು ದೊಡ್ಡದು ಮಾಡಲೇಬೇಕು. ವಜ್ರದ ಪುಡಿ ಕೂರಿಸಿದ ಸೂಜಿಯಂಥ ರೀಮರಿನಲ್ಲಿ, ಮುತ್ತನ್ನು ನೀರಿನಲ್ಲಿ ಹಿಡಿದು, ಒಂದು ಕಡೆಯಿಂದ ಅರ್ಧ, ತಿರುಗಿಸಿ ಇನ್ನೊಂದು ಕಡೆಯಿಂದ ಅರ್ಧ. ಒಂದೇ ಕಡೆಯಿಂದ ಪೂರ್ತಿ ದೂಡಿದರೆ ಆಚೆ ಬಾಯಲ್ಲಿ ಚಕ್ಕೆ ಹಾರುತ್ತದೆ. ಒಣಗಿದ್ದಾಗ ಕೊರೆದರೆ ಬಿಸಿಯಾಗಿ ಬಿರಿಯುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವ ಗಾದೆ ಈ ಕೆಲಸಕ್ಕೆ ಅಕ್ಷರಶಃ ಸಲ್ಲುತ್ತದೆ. ಕೈ ಪಳಗಿದವರಿಗೆ ಬಿಡುವುದು ಒಳ್ಳೆಯದು. ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಸುತ್ತ ಪೋಣಿಸುವವರು ಸಿಗುತ್ತಾರೆ, ಉತ್ತರ ಕರ್ನಾಟಕದ ಊರುಗಳಲ್ಲಿ ಒಡವೆಗೆ ದಾರ ಕಟ್ಟುವ ಪಟವೇಗಾರರನ್ನು ವಿಚಾರಿಸಿ.

ಅವರಿಗೆ ಹೇಳಬೇಕಾದದ್ದು ಇಷ್ಟು. 2 ಮೀಟರ್ ರೇಷ್ಮೆ ದಾರವನ್ನು ಸಣ್ಣ ತೂಕ ಕಟ್ಟಿ ಒಂದು ರಾತ್ರಿ ನೇತುಹಾಕಬೇಕು; ಜಗ್ಗುವಷ್ಟು ಮೊದಲೇ ಜಗ್ಗಲಿ. ತುದಿಗೆ ಅಂಟು ಸವರಿ ಒಣಗಿಸಿ ಓರೆಯಾಗಿ ಕತ್ತರಿಸಿದರೆ ಅದೇ ಸೂಜಿ. ಗಂಟನ್ನು ದಬ್ಬಳದ ಮೊನೆಯ ಮೇಲೆ ಹಿಡಿದು ಮುತ್ತಿನ ಬುಡಕ್ಕೆ ಜಾರಿಸಿ, ಮೊನೆ ಎಳೆದುಕೊಂಡ ತಕ್ಷಣ ಉಗುರಿನಿಂದ ಒತ್ತಬೇಕು. ಎರಡೂ ತುದಿಯ ಮೂರು ಮೂರು ಮುತ್ತಿಗೆ ಮೊದಲು ಗಂಟು ಹಾಕದೆ, ಕೊಕ್ಕೆಯಿಂದ ದಾರ ಹಿಂದಿರುಗಿ ಬರುವಾಗ ಹಾಕಬೇಕು. ಕೊಕ್ಕೆಯ ಬಳೆ ದಾರವನ್ನು ತಿನ್ನದಂತೆ ಅಲ್ಲಿ ಗಿಂಪ್ ಎನ್ನುವ ಸುರುಳಿ ತಂತಿಯ ಚೂರು ತೂರಿಸಬೇಕು. ಗಂಟಿನ ಮೇಲೆ ಅಂಟು ಸುರಿಯುವುದು ಬೇಡ. ಮುಂದಿನ ಸಲ ಬಿಚ್ಚುವಾಗ ತೂತಿನೊಳಗೆ ಕಲ್ಲಾಗಿ ಕೂತಿರುತ್ತದೆ. ಹೀಗೆ ಕಟ್ಟಿದ ಸರ ಹರಿದರೂ ಉದುರುವುದು ಒಂದೇ ಮುತ್ತು. ವಾರಕ್ಕೆರಡು ಸಲ ಹಾಕುವವರು ವರ್ಷಕ್ಕೊಮ್ಮೆ ಮತ್ತೆ ಪೋಣಿಸಿಕೊಳ್ಳಬೇಕಾಗುತ್ತದೆ. ಆ ಖರ್ಚನ್ನು ಸರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಆಗಲೂ ಅದು ಅಕೋಯಾದ ಬೆಲೆಯ ಹತ್ತಿರ ಬರುವುದಿಲ್ಲ.

ಬಣ್ಣ: ಸಿಹಿನೀರಿನಲ್ಲಿ ಬಿಳಿ, ನಸುಗೆಂಪು, ತಿಳಿನೇರಳೆ ಸಹಜವಾಗಿ ಬರುತ್ತವೆ. ಕಡುಗಪ್ಪು ಎಂದು ಕೊಡುವ ಅಗ್ಗದ ಎಳೆ ಬಣ್ಣ ಹಾಕಿದ್ದು. ತೂತಿನ ಸುತ್ತ ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ.

ಓಲೆಗೆ ಅಕೋಯಾ ಪರವಾಗಿಲ್ಲ, ಕಿವಿಯಲ್ಲಿ ಬೆವರೂ ಉಜ್ಜಾಟವೂ ಕಡಿಮೆ. ಎರಡೇ ಮುತ್ತು ಸಾಕಾದ್ದರಿಂದ ಜೇಬಿಗೂ ಹಗುರ, ಆ ಹೊಳಪನ್ನು ಮುಖದ ಪಕ್ಕದಲ್ಲೇ ಅನುಭವಿಸಬಹುದು. ಚಂದ್ರನಿಗೆಂದು ಬೆಳ್ಳಿಯಲ್ಲಿ ಕಟ್ಟಿಸುವ ಉಂಗುರಕ್ಕೆ ಮಾತ್ರ ತಳ ಚಪ್ಪಟೆಯಾದ ಸಿಹಿನೀರಿನ ಬಟನ್ ಮುತ್ತೇ ಸರಿ. ಪಾತ್ರೆ ತೊಳೆಯುವಾಗ, ನಿಂಬೆಹಣ್ಣು ಹಿಂಡುವಾಗ ಅದನ್ನು ತೆಗೆದಿಡಿ. ಮುತ್ತು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಅದನ್ನು ಕರಗಿಸುತ್ತದೆ.

ಕೂದಲಿಗೆ ಎಣ್ಣೆ, ಮೈಗೆ ಸೆಂಟು ಎಲ್ಲ ಮುಗಿದ ಮೇಲೆ ಕೊನೆಗೆ ಸರ, ಮನೆಗೆ ಬಂದಾಗ ಮೊದಲು ಸರ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ದಾರ ಪೂರ್ತಿ ಒಣಗಲು ರಾತ್ರಿಯಿಡೀ ಬಟ್ಟೆಯ ಮೇಲೆ ಮಲಗಿಸಿಡಿ. ಮೊಳೆಗೆ ನೇತುಹಾಕಿದರೆ ದಾರ ಜಗ್ಗುತ್ತದೆ. ಬೆಳ್ಳಿ ತೊಳೆಯುವ ದ್ರಾವಣ, ಅಲ್ಟ್ರಾಸೋನಿಕ್ ಯಂತ್ರ ಎರಡೂ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಲಾಕರಿನಲ್ಲಿ ವರ್ಷಗಟ್ಟಲೆ ಇಟ್ಟ ಸರ ಒಣಗಿ ಮಂಕಾಗುತ್ತದೆ, ಹತ್ತಿಬಟ್ಟೆಯ ಚೀಲ ಸಾಕು.

ಸಿಹಿನೀರಿನ ಒಳ್ಳೆಯ ಎಳೆ ಕೆಲವು ಸಾವಿರಕ್ಕೆ ಸಿಗುತ್ತದೆ, ದಪ್ಪ ಪದರದ ಅಕೋಯಾ ಹತ್ತಾರು ಸಾವಿರಕ್ಕೆ, ಆಸ್ಟ್ರೇಲಿಯಾ ಇಂಡೋನೇಷ್ಯಾದ ಸೌತ್ ಸೀ ಸರ ಲಕ್ಷಗಳಿಗೆ. ವರ್ಷಕ್ಕೆ ನಾಲ್ಕೇ ಸಲ, ಅದೂ ಎ.ಸಿ. ಹಾಲಿನ ಮದುವೆಗೆ ಹಾಕುವವರಾದರೆ, ದುಡ್ಡೂ ಇದ್ದರೆ, ಪಿಳುಕದ ಅಕೋಯಾ ತೆಗೆದುಕೊಳ್ಳಿ, ಮನಸ್ಸು ತುಂಬುತ್ತದೆ. ಬಸ್ಸು ಹತ್ತಿ ಇಳಿದು, ಬೆವರಿ, ಸಂಜೆ ಅರಿಸಿನ ಕುಂಕುಮಕ್ಕೂ ಅದೇ ಸರದಲ್ಲಿ ಹೋಗುವವರು ಸಿಹಿನೀರಿನದ್ದನ್ನೇ ಕೊಂಡು, ಉಳಿದ ದುಡ್ಡಿನಲ್ಲಿ ಚಿನ್ನದ ಕೊಕ್ಕೆ ಮಾಡಿಸಿ. ದಾರ ಬದಲಾದಾಗಲೆಲ್ಲ ಅದೇ ಕೊಕ್ಕೆಯನ್ನು ಮತ್ತೆ ಹಾಕಿಸಿಕೊಳ್ಳಬಹುದು.