ಹಿಂದಿನ ಸೀಟಿನಿಂದ ನೋಡಿದ ಎರಡು ಕಾರು: ಬಿಎಂಡಬ್ಲ್ಯು 330ಎಲ್‌ಐ, ಬೆಂಜ್ ಸಿ 220ಡಿ

ಅಮ್ಮನ ಮಂಡಿ ನೋವಿಗೆ ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಬೇಕು. ಆಲ್ದೂರಿನ ಹತ್ತಿರ ಇರುವ ನಮ್ಮ ತೋಟದಿಂದ ಹೊರಟರೆ ಚಿಕ್ಕಮಗಳೂರು, ಬೇಲೂರು, ಹಾಸನ, ಚನ್ನರಾಯಪಟ್ಟಣ, ನೆಲಮಂಗಲ. ಐದು ಗಂಟೆಗೆ ಕಡಿಮೆ ಇಲ್ಲ. ಹಳೆಯ ಕಾರಿನಲ್ಲಿ ಹಾಸನ ಬರುವಷ್ಟರಲ್ಲೇ ಅಮ್ಮ ಸೀಟಿಗೆ ಕೈಯೂರಿ ಆಚೆ ಈಚೆ ಹೊರಳಲು ಶುರು ಮಾಡುತ್ತಿದ್ದರು. ನೋವು ಅಂತ ಬಾಯಿಬಿಟ್ಟು ಹೇಳುವವರಲ್ಲ. ಕನ್ನಡಿಯಲ್ಲಿ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಎರಡು ವರ್ಷದಿಂದ ಕಾಫಿಗೆ ಒಳ್ಳೆಯ ರೇಟು ಸಿಕ್ಕಿತು. ಬ್ಯಾಂಕಿನ ಸಾಲ ತೀರಿತು. ಒಂದು ಒಳ್ಳೆಯ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಯಿತು. 'ನಮ್ಮ ಕಡೆ ರಸ್ತೆಗೆ ಎಸ್‌ಯುವಿ ಅಲ್ವಾ ಬೇಕಾಗಿರೋದು?' ಅಂತ ಎಲ್ಲರೂ ಕೇಳಿದರು. ತೋಟಕ್ಕೆ ಜೀಪ್ ಇದೆ. ಅಮ್ಮ ಆ ಜೀಪಿಗೆ ಹತ್ತಲು ಕಾಲು ಎತ್ತುವುದನ್ನು ನೋಡಿದವರು ಎಸ್‌ಯುವಿ ಮಾತು ಎತ್ತುವುದಿಲ್ಲ. ಹಾಗಾಗಿ ತಗ್ಗಿನ, ಹಿಂದೆ ಡಿಕ್ಕಿ ಇರುವ ಸೆಡಾನ್.

ಹಾಸನದ ಭಾವನ ಹತ್ತಿರ ಬಿಎಂಡಬ್ಲ್ಯು 330ಎಲ್‌ಐ ಇದೆ, ಪೆಟ್ರೋಲ್. ಮೂಡಿಗೆರೆ ಕಡೆಯ ಸ್ನೇಹಿತನ ಹತ್ತಿರ ಬೆಂಜ್ ಸಿ 220ಡಿ ಇದೆ, ಡೀಸೆಲ್. ಶೋರೂಂನವರು ಕೊಡುವ ಅರ್ಧ ಗಂಟೆಯ ಟೆಸ್ಟ್ ಡ್ರೈವ್‌ನಲ್ಲಿ ನಮ್ಮ ರಸ್ತೆ ಬರುವುದೇ ಇಲ್ಲ. ಅದಕ್ಕೆ ಜುಲೈ ಮಳೆಯಲ್ಲಿ ಒಂದೊಂದನ್ನೂ ನಾಲ್ಕು ದಿನ ಕೇಳಿ ತಂದೆ. ಎರಡರಲ್ಲೂ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗಿ ಬಂದೆ, ಎರಡನ್ನೂ ಚಾರ್ಮಾಡಿ ಘಾಟಿ ಇಳಿಸಿ ಹತ್ತಿಸಿದೆ.

ನಮ್ಮ ಊರಲ್ಲಿ ಒಂದು ಮಾತಿದೆ: ಓಡಿಸೋರಿಗೆ ಬಿಎಂಡಬ್ಲ್ಯು, ಕೂರೋರಿಗೆ ಬೆಂಜ್. ನಾನೂ ಅದನ್ನೇ ನಂಬಿ, ಮನಸ್ಸಿನಲ್ಲಿ ಬೆಂಜ್ ಅಂತಲೇ ಇಟ್ಟುಕೊಂಡು ಶುರು ಮಾಡಿದ್ದೆ. ಆದರೆ ಈ ಎರಡು ಕಾರಿನ ಹಿಂದಿನ ಬಾಗಿಲು ತೆಗೆದರೆ ಆ ಮಾತು ತಿರುಗಿ ಬೀಳುತ್ತದೆ.

ಕಾರಣ ಇಷ್ಟೇ. 330ಎಲ್‌ಐ ಹೆಸರಿನಲ್ಲಿರುವ 'ಎಲ್' ಅಂದರೆ ಉದ್ದ. ಬಿಎಂಡಬ್ಲ್ಯು 3 ಸೀರೀಸ್ ಕಾರಿನ ಈ ಉದ್ದದ ಮಾದರಿ 2021ರ ಜನವರಿಯಲ್ಲಿ ಭಾರತಕ್ಕೆ ಬಂತು. ಮಾಮೂಲಿ 3 ಸೀರೀಸ್‌ಗಿಂತ ಇದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 110 ಮಿ.ಮೀ. ಜಾಸ್ತಿ, ಒಟ್ಟು 2961 ಮಿ.ಮೀ. 2022ರಲ್ಲಿ ಇಲ್ಲಿಗೆ ಬಂದ ಈಗಿನ ಬೆಂಜ್ ಸಿ ಕ್ಲಾಸ್‌ನದು (ಸಿ 220ಡಿ ಇದೇ ಸಾಲಿನದು) 2865. ವ್ಯತ್ಯಾಸ ಹತ್ತು ಸೆಂಟಿಮೀಟರ್‌ಗೆ ಸ್ವಲ್ಪ ಕಡಿಮೆ. ಕೇಳಿದರೆ ನಾಲ್ಕೈದು ಬೆರಳು ಅನ್ನಿಸುತ್ತದೆ. ಆದರೆ ಅದರ ಲಾಭ ಸಿಗುವುದು ಹಿಂದಿನ ಸೀಟಿಗೆ, ಹಿಂದಿನ ಬಾಗಿಲೂ ಉದ್ದವಾಗಿದೆ.

ಬಾಗಿಲಿನ ಉದ್ದ ನನಗೆ ಮೊದಲು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಅಮ್ಮ ಇಳಿಯುವಾಗ ತಿಳಿಯಿತು. ಮಂಡಿ ಮಡಚಲು ಆಗದವರು ಕಾರಿನಿಂದ ಇಳಿಯುವಾಗ ಮೊದಲು ಪೂರ್ತಿ ಪಕ್ಕಕ್ಕೆ ತಿರುಗುತ್ತಾರೆ, ಎರಡೂ ಕಾಲು ಹೊರಗೆ ಚಾಚುತ್ತಾರೆ, ಆಮೇಲೆ ಏಳುತ್ತಾರೆ. ಬೆಂಜ್‌ನಲ್ಲಿ ಹಾಗೆ ತಿರುಗುವಾಗ ಅಮ್ಮನ ಪಾದ ಬಾಗಿಲ ಕಂಬಕ್ಕೆ ತಡೆಯುತ್ತಿತ್ತು. ನಾನು ಬಗ್ಗಿ ಕಾಲು ಹಿಡಿದು ಹೊರಗೆ ತರಬೇಕಾಯಿತು. ಬಿಎಂಡಬ್ಲ್ಯುನಲ್ಲಿ ಅವರೇ ತಿರುಗಿ, ಬಾಗಿಲು ಹಿಡಿದು, ಎದ್ದು ನಿಂತರು. ಎರಡೂ ಕಾರು ತಗ್ಗು. ಏಳುವಾಗ ಎರಡರಲ್ಲೂ ಕೈ ಕೊಡಬೇಕು. ಆದರೆ ಕೈ ಕೊಡುವುದಕ್ಕೂ ಕಾಲು ಎತ್ತಿ ಇಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅಮ್ಮನಂಥವರಿಗೆ ಅದು ತುಂಬ ದೊಡ್ಡದು.

ಬಿಎಂಡಬ್ಲ್ಯುನಲ್ಲಿ ಹೋದ ದಿನ ಹಾಸನ ದಾಟಿ ನಾಲ್ಕು ಪಥದ ಹೆದ್ದಾರಿ ಸೇರಿದ ಮೇಲೆ 'ಹೇಗಿದೆ ಅಮ್ಮಾ?' ಅಂತ ಕೇಳಿದೆ. 'ಕಾಲು ಚಾಚ್ಕೊಂಡಿದೀನಿ ಕಣೋ, ಸುಮ್ನೆ ಓಡ್ಸು' ಅಂದರು. ಚನ್ನರಾಯಪಟ್ಟಣಕ್ಕೆ ಮೊದಲೇ ನಿದ್ದೆ ಹೋದರು. ಬೆಂಜ್‌ನಲ್ಲಿ ಹೋದ ದಿನ ನಿದ್ದೆ ಮಾಡಲಿಲ್ಲ. ಅದರ ಹಿಂದಿನ ಸೀಟಿನಲ್ಲಿ ತೊಡೆಯ ಕೆಳಗೆ ಆಸರೆ ಸಾಲದು, ಮಂಡಿ ಮೇಲೆದ್ದ ಹಾಗೆ ಇರುತ್ತದೆ. ನಾನೂ ಒಂದು ಗಂಟೆ ಹಿಂದೆ ಕೂತು ನೋಡಿದೆ. ಅಮ್ಮನಿಗೆ ಅನ್ನಿಸಿದ್ದೇ ನನಗೂ ಅನ್ನಿಸಿತು.

ಇಷ್ಟು ಹೇಳಿದ ಮಾತ್ರಕ್ಕೆ ಬೆಂಜ್ ಕಡಿಮೆ ಅಂದುಕೊಳ್ಳಬೇಡಿ. ಮುಂದಿನ ಸೀಟಿಗೆ ಬಂದರೆ ನನ್ನ ಮನಸ್ಸು ಅದರ ಕಡೆಗೇ ವಾಲಿತು. ಡೀಸೆಲ್ ಎಂಜಿನ್ 200 ಎಚ್‌ಪಿ, 440 ಎನ್‌ಎಂ ಟಾರ್ಕ್ (ಎಳೆಯುವ ಬಲ). 330ಎಲ್‌ಐಗೆ 258 ಎಚ್‌ಪಿ, 400 ಎನ್‌ಎಂ. ಪೇಪರ್ ಮೇಲೆ ಬಿಎಂಡಬ್ಲ್ಯು ಚುರುಕು. ಕಂಪನಿಯ ಲೆಕ್ಕದಲ್ಲಿ 100 ಕಿ.ಮೀ. ವೇಗಕ್ಕೆ 6.2 ಸೆಕೆಂಡ್ ಸಾಕು, ಬೆಂಜ್‌ಗೆ 7.3 ಬೇಕು. ಆದರೆ ಚಾರ್ಮಾಡಿಯಲ್ಲಿ ಮಂಜು ಕವಿದು, ಮುಂದೆ ಕೆಂಪು ಬಸ್ಸು ಹೋಗುತ್ತಿರುವಾಗ ಆ ಸೆಕೆಂಡು ಯಾರಿಗೆ ಬೇಕು? ಅಲ್ಲಿ ಬೇಕಾಗಿದ್ದು ತಿರುವು ಮುಗಿದ ಕೂಡಲೇ ಸದ್ದಿಲ್ಲದೆ ಎಳೆಯುವ ಶಕ್ತಿ. ಡೀಸೆಲ್ ಅದನ್ನು ಚೆನ್ನಾಗಿ ಕೊಡುತ್ತದೆ. ಎಂಜಿನ್‌ಗೆ ಕರೆಂಟಿನ ಮೋಟಾರಿನಿಂದ ಸ್ವಲ್ಪ ನೆರವು ಕೊಡುವ 48 ವೋಲ್ಟ್‌ನ ಸಣ್ಣ ಹೈಬ್ರಿಡ್ ವ್ಯವಸ್ಥೆ ಇರುವುದರಿಂದ ನಿಂತ ಜಾಗದಿಂದ ಹೊರಡುವಾಗಲೂ ಜಗ್ಗುವುದಿಲ್ಲ. ಬಿಎಂಡಬ್ಲ್ಯು ಸ್ಟೇರಿಂಗ್ ಮಾತ್ರ ಬೇರೆಯೇ. ಹೇರ್‌ಪಿನ್ ತಿರುವಿನಲ್ಲಿ ಎಷ್ಟು ತಿರುಗಿಸಿದೆವೋ ಅಷ್ಟೇ ತಿರುಗುತ್ತದೆ, ಉದ್ದದ ಕಾರು ಓಡಿಸುತ್ತಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಅದನ್ನು ಓಡಿಸಿದ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮನೆಗೆ ಹೋಗುವ ಬದಲು ಇನ್ನೊಂದು ಸಲ ಘಾಟಿ ಇಳಿದು ಬಂದೆ.

ಹಂಪ್‌ಗಳ ಬಗ್ಗೆ ನನಗೆ ಭಯ ಇತ್ತು. ಉದ್ದ ಜಾಸ್ತಿ ಇದ್ದಷ್ಟೂ ಹೊಟ್ಟೆ ತಾಗುವುದು ಸುಲಭ. ಹಳ್ಳಿಗಳ ಎತ್ತರದ ಹಂಪ್‌ಗಳನ್ನು ಬಿಎಂಡಬ್ಲ್ಯುನಲ್ಲಿ ಅಡ್ಡಡ್ಡವಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದೆ. ತಾಗಲಿಲ್ಲ. ಆದರೆ ಪ್ರತಿ ಸಲವೂ ಎಚ್ಚರ ಬೇಕು. ಬೆಂಜ್‌ನಲ್ಲಿ ಅಷ್ಟು ಯೋಚನೆ ಮಾಡಲಿಲ್ಲ. ಕಿತ್ತುಹೋದ ಟಾರಿನ ಮೇಲೆ ನಿಧಾನಕ್ಕೆ ಹೋಗುವಾಗಲೂ ಬೆಂಜ್ ಸ್ವಲ್ಪ ಮೆತ್ತಗೆ. ಬಿಎಂಡಬ್ಲ್ಯುನಲ್ಲಿ ಸಣ್ಣ ಗುಂಡಿಗಳ ಏಟು ಕೇಳಿಸುತ್ತದೆ. ಅದರ ಟಯರ್ ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಜಾತಿಯದು, ಪಕ್ಕದ ಗೋಡೆ ಗಟ್ಟಿ, ಅದಕ್ಕೇ ಹಾಗೆ.

ಟಯರ್ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಮೂರು ವರ್ಷದ ಹಿಂದೆ ಹಳೆಯ ಕಾರು ಚಾರ್ಮಾಡಿಯ ತಿರುವಿನಲ್ಲಿ ರಾತ್ರಿ ಒಂಬತ್ತಕ್ಕೆ ಪಂಕ್ಚರ್ ಆಯಿತು. ಸುರಿಯುವ ಮಳೆ, ಫೋನಿಗೆ ಸಿಗ್ನಲ್ ಇಲ್ಲ, ಹಿಂದೆ ಅಮ್ಮ ಮತ್ತು ಮಗಳು. ಸ್ಪೇರ್ ಟಯರ್ ಹಾಕುವಷ್ಟರಲ್ಲಿ ಕೈ ನಡುಗುತ್ತಿತ್ತು, ಚಳಿಗೋ ಭಯಕ್ಕೋ ಗೊತ್ತಿಲ್ಲ. ರನ್‌ಫ್ಲಾಟ್ ಆದರೆ ಗಾಳಿ ಪೂರ್ತಿ ಹೋದರೂ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಓಡಿಸಬಹುದು. ಚಾರ್ಮಾಡಿಯಿಂದ ಚಿಕ್ಕಮಗಳೂರಿಗೆ ಅದು ಸಾಕು. ಆ ರಾತ್ರಿ ನೆನಪಿರುವ ನನಗೆ ಗುಂಡಿಯ ಏಟು ದೊಡ್ಡದಲ್ಲ. ಸ್ನೇಹಿತನ ಬೆಂಜ್‌ನಲ್ಲಿ ಡಿಕ್ಕಿಯೊಳಗೆ ತೆಳು ಸ್ಪೇರ್ ವೀಲ್ ಇದೆ. ಧೈರ್ಯವೇನೋ ಹೌದು, ಆದರೆ ಅಮ್ಮನ ವಾಕರ್ ಇಟ್ಟ ಮೇಲೆ ಅಲ್ಲಿ ಉಳಿಯುವ ಜಾಗ ಕಡಿಮೆ.

ಇನ್ನೊಂದು ಸಂಗತಿ, ತೋಟದ ರಸ್ತೆಯಲ್ಲಿ ಓಡಾಡುವವರಿಗೆ ಮಾತ್ರ ಇದರ ಬೆಲೆ ಗೊತ್ತಾಗುವುದು. ನಮ್ಮ ಮನೆಗೆ ಹೋಗುವ ದಾರಿ ಒಂದೇ ಗಾಡಿ ಅಗಲ. ಒಂದು ಕಡೆ ಬೇಲಿ, ಒಂದು ಕಡೆ ಚರಂಡಿ. ಎದುರಿಗೆ ಕೂಲಿಯವರ ಜೀಪು ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ಬಿಎಂಡಬ್ಲ್ಯು ನಿಧಾನವಾಗಿ ಬಂದ ಕೊನೆಯ 50 ಮೀಟರ್ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ. ಒಂದು ಗುಂಡಿ ಒತ್ತಿದರೆ ಸ್ಟೇರಿಂಗನ್ನು ತಾನೇ ತಿರುಗಿಸಿಕೊಂಡು ಅದೇ ಜಾಡಿನಲ್ಲಿ ಹಿಂದೆ ಹೋಗುತ್ತದೆ. ನಾವು ಬ್ರೇಕು, ಆಕ್ಸಿಲರೇಟರ್ ನೋಡಿಕೊಂಡರೆ ಆಯಿತು. ಕತ್ತಲಲ್ಲಿ, ಮಳೆಯಲ್ಲಿ ಮೂರು ಸಲ ಉಪಯೋಗಿಸಿದೆ. ಮೂರು ಸಲವೂ ಚರಂಡಿಗೆ ಹೋಗದೆ ಸರಿಯಾಗಿ ಬಂತು.

ಸ್ಕ್ರೀನ್ ಎರಡರಲ್ಲೂ ದೊಡ್ಡದೇ. ಬಿಎಂಡಬ್ಲ್ಯುನಲ್ಲಿ ಸ್ಕ್ರೀನ್ ಮುಟ್ಟದೆ ಬದಲಾಯಿಸಲು ತಿರುಗಿಸುವ ಗುಂಡಿ ಉಳಿಸಿಕೊಂಡಿದ್ದಾರೆ, ಘಾಟಿಯಲ್ಲಿ ಅದೇ ವಾಸಿ. ಸುರಕ್ಷತೆಯಲ್ಲಿ ಎರಡಕ್ಕೂ ಕಾರು ಗುದ್ದಿಸಿ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನಿಂದ 5 ಸ್ಟಾರ್ ಸಿಕ್ಕಿತ್ತು, 3 ಸೀರೀಸ್‌ಗೆ 2019ರಲ್ಲಿ, ಸಿ ಕ್ಲಾಸ್‌ಗೆ 2022ರಲ್ಲಿ.

ದುಡ್ಡಿನ ಲೆಕ್ಕದಲ್ಲಿ ಬೆಂಜ್ ಮುಂದೆ. ಎಕ್ಸ್ ಶೋರೂಂ ಎರಡೂ 60 ಲಕ್ಷದ ಆಸುಪಾಸು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್. ಅಂದರೆ 60 ಲಕ್ಷಕ್ಕೆ 10.8 ಲಕ್ಷ, ಅದರ ಮೇಲೆ ಸೆಸ್ ಬೇರೆ. ಅಲ್ಲಿಯವರೆಗೆ ಸಮ. ಆಮೇಲೆ ಬರುವುದು ಎಣ್ಣೆಯ ಖರ್ಚು. ಅದೇ ದಾರಿಯಲ್ಲಿ ಮೀಟರ್ ತೋರಿಸಿದ್ದು ಬಿಎಂಡಬ್ಲ್ಯುಗೆ ಲೀಟರಿಗೆ 12, ಬೆಂಜ್‌ಗೆ 18. ತಿಂಗಳಿಗೆ ಎರಡು ಬೆಂಗಳೂರು ಅಂದರೆ ನಾಲ್ಕು ಸಾವಿರ ರೂಪಾಯಿ ಹತ್ತಿರ ವ್ಯತ್ಯಾಸ. ಸರ್ವಿಸ್‌ಗೆ ಎರಡೂ ಕಾರು ದೂರದ ದೊಡ್ಡ ಊರಿಗೇ ಹೋಗಬೇಕು.

ನೀವೇ ಓಡಿಸಿ, ಜಾಸ್ತಿ ಓಡಾಡಿ, ಹಿಂದೆ ಮಕ್ಕಳಷ್ಟೇ ಕೂರುವುದಾದರೆ ಸಿ 220ಡಿ ತಗೊಳ್ಳಿ, ಎರಡು ಮಾತಿಲ್ಲ. ನನ್ನ ತಮ್ಮ ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ನಾನು ಬುಕ್ ಮಾಡಿದ್ದು 330ಎಲ್‌ಐ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: 'ಯಾವುದರಲ್ಲಿ ಅತ್ತೆ ನಿದ್ದೆ ಮಾಡಿದ್ರು?' ಮರುದಿನ ಅಡ್ವಾನ್ಸ್ ಕಟ್ಟಿದೆ. ಗಾಳಿ ತುಂಬುವ ಪಂಪ್ ಒಂದನ್ನು ಆಗಲೇ ತಂದಿಟ್ಟಿದ್ದೇನೆ. ಮನೆ ಮುಂದಿನ ಇಳಿಜಾರಿನಲ್ಲಿ ಎದ್ದಿದ್ದ ಎರಡು ಕಲ್ಲನ್ನು ನಿನ್ನೆ ಕೀಳಿಸಿದೆ.